ಮೊದಲು ಸೋಲುವ ಕಂಬ

ನನ್ನ ಸೋದರಮಾವ ಸೋಮಯ್ಯ ಕೂತಲ್ಲೇ ಮನೆ ಬೀಳಿಸುತ್ತಾನೆ ಎಂದು ಅಮ್ಮ ಗೊಣಗುತ್ತಿದ್ದಳು. ಕುಂದೂರಿನವನು, ಹಾಸನದ ಕಾಲೇಜೊಂದರಲ್ಲಿ ಸಿವಿಲ್ ಎಂಜಿನಿಯರಿಂಗ್ ಮೇಷ್ಟ್ರು. ಭಾನುವಾರ ಬಸ್ಸು ಹತ್ತಿ ಸಕಲೇಶಪುರದ ನಮ್ಮ ಮನೆಗೆ ಬಂದರೆ, ಊಟ ಮುಗಿಸಿ, ಹೊಳೆಯ ಕಡೆಗೆ ಕುರ್ಚಿ ಹಾಕಿಕೊಂಡು, ಅರೆಗಣ್ಣಿನಲ್ಲಿ ಎದುರಿನ ಕಟ್ಟಡಗಳನ್ನೇ ನೋಡುತ್ತ ಕೂರುವನು. ನಿದ್ದೆ ಇರಬೇಕೆಂದು ನಾನು ಕಾಫಿ ಲೋಟವನ್ನು ಸದ್ದಿಲ್ಲದೆ ಇಟ್ಟರೆ, "ತಡಿ, ಈಗ ಬಗ್ತಾ ಐತೆ" ಅನ್ನುವನು.

ಗುಜರಾತಿನ ಭೂಕಂಪವಾದ ವರ್ಷ ಯಾವುದೋ ತರಬೇತಿಗೆ ಹೋಗಿ ಕಲಿತು ಬಂದ ಲೆಕ್ಕ ಅದು. ಭೂಮಿಯ ಒಂದೊಂದು ಕುಲುಕಾಟವನ್ನೂ ಲೆಕ್ಕ ಹಾಕುತ್ತ ಕೂತರೆ ಮುಗಿಯುವುದಿಲ್ಲ. ಅದರ ಬದಲು ಕಟ್ಟಡವನ್ನು ಕಾಗದದ ಮೇಲೆ ಒಂದು ಪಕ್ಕದಿಂದ ಮೆಲ್ಲಗೆ ತಳ್ಳುತ್ತ ಹೋಗುವುದು. ಮೊದಮೊದಲು ಅದು ಬಾಗಿ ಮತ್ತೆ ನೆಟ್ಟಗಾಗುತ್ತದೆ. ಇನ್ನೂ ತಳ್ಳಿದರೆ ಎಲ್ಲೋ ಒಂದು ಕಂಬದ ತಲೆ ಸೋಲುತ್ತದೆ, ಅದರ ಪಾಲು ಪಕ್ಕದ್ದಕ್ಕೆ ಬೀಳುತ್ತದೆ, ಆಮೇಲೆ ಅದೂ ಸೋಲುತ್ತದೆ. ಎಷ್ಟು ಬಾಗುವ ತನಕ ಕಟ್ಟಡ ನಿಂತಿರುತ್ತದೆ, ಭೂಕಂಪ ಬಂದರೆ ಎಷ್ಟು ಬಾಗಬೇಕಾದೀತು, ಇವೆರಡನ್ನೂ ಎದುರುಬದುರು ಇಟ್ಟು ನೋಡುವುದು.

ಮಾವ ಇದನ್ನು ಹೇಳುತ್ತಿದ್ದರೆ ನನ್ನ ಕಣ್ಣೂ ಮಂಪರಾಗುತ್ತಿತ್ತು. ಮಂಜಿನೊಳಗೆ ಬಸ್ ಸ್ಟ್ಯಾಂಡು, ಲಾಡ್ಜು, ಅಕ್ಕಿ ಗಿರಣಿ ಎಲ್ಲವೂ ಒಂದೇ ಕಡೆಗೆ ವಾಲುತ್ತಿದ್ದವು, ಒಳಗಿದ್ದವರು ಯಾರಿಗೂ ಗೊತ್ತಾಗದ ಹಾಗೆ. ಮತ್ತೆ ತಮ್ಮಷ್ಟಕ್ಕೆ ನೆಟ್ಟಗಾಗುತ್ತಿದ್ದವು. ಮಾವ ನಮ್ಮ ಮನೆಯನ್ನೇ ತಳ್ಳುವ ತನಕ ನನಗೆ ಈ ಆಟ ಬಲು ಇಷ್ಟವಾಗಿತ್ತು.

ನಮ್ಮದು ಮೇಲೆ ಎರಡು ಅಂತಸ್ತು, ಕೆಳಗೆ ಬರೀ ಕಂಬ. ಕಾಫಿ ಲಾರಿ ಒಳಗೇ ಬಂದು ತಿರುಗಲಿ ಎಂದು ಅಪ್ಪ ಹಾಗೆ ಕಟ್ಟಿಸಿದ್ದರು. ಅವರು ಹೋದ ಮೇಲೆ ವ್ಯಾಪಾರ ಅಮ್ಮನ ಕೈಗೆ ಬಂತು. ಸೀಸನ್ನಿನಲ್ಲಿ ಬೀಜ ಆರಿಸುವ ಹೆಂಗಸರು ಅಲ್ಲೇ ಸಾಲಾಗಿ ಕೂತು, ಕಂಬದ ಕೊಂಡಿಗಳಿಗೆ ಹಳೇ ಸೀರೆಯ ಜೋಲಿ ಕಟ್ಟಿ ಮಕ್ಕಳನ್ನು ಮಲಗಿಸುತ್ತಿದ್ದರು.

"ಅಕ್ಕ, ಮೇಲೆಲ್ಲ ಗೋಡೆ, ಕೆಳಗೆ ಬರೀ ಕಾಲು. ತಳ್ಳಿದ್ದೆಲ್ಲ ಈ ಕಂಬಗಳ ಮೇಲೇ ಬರ್ತೈತೆ. ನಾಕು ಮೂಲೆಗೂ ಗೋಡೆ ಎತ್ತಿಸ್ಬುಡು" ಎಂದ ಮಾವ.

"ಆಮ್ಯಾಕೆ ಲಾರಿ ಎಲ್ಲಿ ತಿರುಗ್ತೈತೋ? ನಮ್ಮೂರಲ್ಲಿ ಯಾವತ್ತು ಭೂಮಿ ನಡುಗೈತೆ? ಕೂತು ಕನಸು ಕಾಣ್ಬೇಡ ಕಣೋ."

ಮಾವ ಜಗಳವಾಡುವವನಲ್ಲ. ಕೆಳಗಿಳಿದು ಹೋಗಿ, ಲೆಕ್ಕದಲ್ಲಿ ಬಂದ ಸರದಿಯಂತೆ ಕಂಬಗಳ ಮೇಲೆ ಸೀಮೆಸುಣ್ಣದಲ್ಲಿ ಒಂದು, ಎರಡು, ಮೂರು ಎಂದು ಬರೆದ. ನನಗೆ ಸಿಟ್ಟು ನೆತ್ತಿಗೇರಿತು. ಇದ್ದ ಮನೆಗೆ ಹೀಗೆ ಯಾರಾದರೂ ಅಪಶಕುನ ಬರೆಯುತ್ತಾರೆಯೇ?

ಒಂದನೇ ಕಂಬದಲ್ಲಿ ಬೀಜ ಆರಿಸುವ ಚೌಡಮ್ಮನ ಮೊಮ್ಮಗಳ ಜೋಲಿ ಇತ್ತು. "ಇದೇನ್ ಸ್ವಾಮಿ ಬರ್ದಿರಾದು?" ಎಂದು ಕೇಳಿದಳು. ಮಾವನಿಗೆ ಸುಳ್ಳು ಬರುವುದಿಲ್ಲ.

"ಭೂಮಿ ನಡುಗಿದ್ರೆ ಮೊದ್ಲು ಹೋಗಾದು ಇದು."

ಚೌಡಮ್ಮ ಜೋಲಿ ಬಿಚ್ಚಿ ಮಗುವನ್ನು ಪಕ್ಕದ ಕಂಬಕ್ಕೆ ಒಯ್ದಳು. ಅಲ್ಲಿ ಎರಡು ಇತ್ತು. ಅದರಾಚೆಯದರಲ್ಲಿ ಮೂರು. ನಿದ್ದೆಗಣ್ಣಿನ ಮಗುವನ್ನು ಹೆಗಲಿಗೆ ಹಾಕಿಕೊಂಡು ಕಂಬದಿಂದ ಕಂಬಕ್ಕೆ ನೋಡುತ್ತ ಹೋದವಳು, ಕೊನೆಗೆ ಬಿಸಿಲಿನಲ್ಲಿ ಹೋಗಿ ನಿಂತಳು. ಬೀಜ ಆರಿಸುತ್ತಿದ್ದ ಕೈಗಳೆಲ್ಲ ನಿಂತವು. ಅಮ್ಮ ಮೆಟ್ಟಿಲ ಮೇಲಿಂದ ನೋಡುತ್ತಿದ್ದಳು.

"ಲಾರಿ ರಸ್ತೇಲೇ ನಿಲ್ಲಲಿ. ಗಾರೆಯೋರಿಗೆ ಹೇಳ್ಕಳ್ಸು" ಎಂದು ನನಗೆ ಹೇಳಿ ಒಳಗೆ ಹೋದಳು.

ಗೋಡೆಗಳು ಎದ್ದವು. ಹಮಾಲಿಗಳು ಮೂಟೆ ಹೊತ್ತು ಶಾಪ ಹಾಕಿದರು. ಮಾವ ಮತ್ತೆ ಹೊಸದಾಗಿ ಲೆಕ್ಕ ಹಾಕಿದ. ಅದರ ಮುಂದಿನ ಭಾನುವಾರ ಅವನು ಅದೇ ಕುರ್ಚಿಯಲ್ಲಿ ಅರೆಗಣ್ಣಾಗಿ ಕೂತಿದ್ದಾಗ, ಚೌಡಮ್ಮ ಮಗುವನ್ನೆತ್ತಿಕೊಂಡು ಎದುರಿಗೆ ಬಂದು ನಿಂತಳು.

"ಸ್ವಾಮಿ, ಈಗ ಯಾವ ಕಂಬಕ್ ಕಟ್ಲಿ?"

ಮಾವ ಕಣ್ಣು ಮುಚ್ಚಿದ. ನಮ್ಮ ಮನೆಯನ್ನು ಮತ್ತೊಮ್ಮೆ ತಳ್ಳುತ್ತಿದ್ದಾನೆ ಎಂದು ನನಗೆ ತಿಳಿಯಿತು. ಆಮೇಲೆ ಎದ್ದು, ಅವಳ ಹೆಗಲ ಮೇಲಿದ್ದ ಜೋಲಿಯ ಸೀರೆ ತೆಗೆದುಕೊಂಡು, ಕೆಳಗಿಳಿದು ಹೋಗಿ, ಒಂದನೇ ಕಂಬದ ಕೊಂಡಿಗೆ ತಾನೇ ಗಂಟು ಹಾಕಿದ.