ಸಾಲಿನ ತುದಿಯವರು

ನಮ್ಮ ಸರ್ ಅವರ ಬೆರಳ ತುದಿಗಳಿಗೆ ಯಾವಾಗಲೂ ಕೆಂಪು, ಹಸಿರು, ನೀಲಿ ಸ್ಕೆಚ್ ಪೆನ್ನಿನ ಕಲೆ. ಹಣೆಯ ವಿಭೂತಿಗೂ ಅದು ಆಗಾಗ ತಾಗಿರುತ್ತಿತ್ತು. ಬಾಗಲಕೋಟೆಯ ಕಾಲೇಜಿನಲ್ಲಿ ಅವರು ನಮಗೆ ಎಲೆಕ್ಟ್ರಾನಿಕ್ ಚಿಪ್‌ನ ನಕ್ಷೆ ಹಾಕುವುದನ್ನು ಕಲಿಸಿದರು. ಕಂಪ್ಯೂಟರ್ ಇದ್ದರೂ ಮೊದಲು ಕಾಗದದ ಮೇಲೆ, ಚಿಪ್‌ನ ಪದರಕ್ಕೊಂದು ಬಣ್ಣದಂತೆ, ಬರೆಸದೆ ಬಿಡುತ್ತಿರಲಿಲ್ಲ. ಬಸವ ಜಯಂತಿಯ ಊಟಕ್ಕೆ ಸಾಲಿನ ತುದಿಗೇ ಕೂರುತ್ತಿದ್ದರು. ಬಡಿಸುವವರು ಅಲ್ಲಿಗೆ ಬರುವಷ್ಟರಲ್ಲಿ ಎಣಗಾಯಿಯ ಬದನೆ ಮುಗಿದು ರಸವಷ್ಟೇ ಉಳಿದಿರುತ್ತಿತ್ತು. ರೊಟ್ಟಿ ಮುರಿದು ಅದರಲ್ಲೇ ಅದ್ದಿಕೊಂಡು ತಿನ್ನುತ್ತಿದ್ದರು.

ನನ್ನ ಪಾಲಿಗೆ ಬಂದದ್ದು ಸ್ವಿಚ್‌ಗಳ ಸಾಲು. ಕಣ್ಣಿಗೆ ಕಾಣದಷ್ಟು ಸಣ್ಣ ಟ್ರಾನ್ಸಿಸ್ಟರ್‌ಗಳು. ಎಲ್ಲವೂ ತದ್ರೂಪವಾಗಿರಬೇಕು, ಇಲ್ಲವಾದರೆ ಚಿಪ್ ತೋರಿಸುವ ಅಳತೆಯೇ ಸುಳ್ಳು. ನಾನು ಇಳಕಲ್ಲಿನವಳು, ಸೀರೆಯ ಎರಡೂ ಅಂಚಿನ ದಡಿ ಎದುರುಬದುರು ನೋಡಿಕೊಂಡೇ ಬೆಳೆದವಳು. ಸ್ವಿಚ್‌ಗಳನ್ನೂ ಹಾಗೇ ಎದುರುಬದುರು ಇಟ್ಟು, ಎಷ್ಟು ಚೆಂದ ಬಂತಲ್ಲ ಎಂದು ಹಿಗ್ಗಿದ್ದೇ ಹಿಗ್ಗಿದ್ದು! ನಕ್ಷೆ ಕಾರ್ಖಾನೆಗೆ ಹೋಗುವ ದಿನ ಬಂದಿತ್ತು. ಒಮ್ಮೆ ಹೋದರೆ ತಿದ್ದುವಂತಿಲ್ಲ, ನಮ್ಮ ತರಗತಿಗೆ ಸಿಕ್ಕಿದ್ದು ಅದೊಂದೇ ಅವಕಾಶ.

ಸರ್ ನೋಡಿದರು, ಬೈಯಲಿಲ್ಲ. ಚಿಪ್ ಮಾಡುವಾಗ ಒಂದು ಪದರ ತುಸು ಸರಿದರೂ ಎದುರುಬದುರು ಇದ್ದವು ಬೇರೆಬೇರೆ ಆಗಿಬಿಡುತ್ತವೆ, ಒಂದೇ ಕಡೆ ಮುಖ ಮಾಡಿದ್ದರೆ ಎಲ್ಲಕ್ಕೂ ಒಂದೇ ಗತಿ ಎಂದು ತಿಳಿಹೇಳಿದರು.

“ಪಂಕ್ತ್ಯಾಗ ಕುಂತಂಗ ಕುಂದರಸವ್ವಾ. ಎಲ್ಲಾರ ಮಾರಿ ಒಂದ ಕಡೆ ಇರಲಿ.”

ಎಲ್ಲ ಅಳಿಸಿ ಮತ್ತೆ ಹಾಕಿದೆವು. ಸಾಲಿನ ಎರಡೂ ತುದಿಗೆ ಸರ್ ಒಂದೊಂದು ಹೆಚ್ಚಿನ ಟ್ರಾನ್ಸಿಸ್ಟರ್ ಇಡಿಸಿದರು. ಇವೇನು ಕೆಲಸ ಮಾಡುತ್ತವೆ ಎಂದು ಕೇಳಿದೆ.

“ಏನೂ ಮಾಡಂಗಿಲ್ಲ. ಕಾರ್ಖಾನ್ಯಾಗ ಚಿಪ್ ಕೊರಿಯುವಾಗ ತುದಿಗಿದ್ದವಕ್ಕ ಪೆಟ್ಟು ಜಾಸ್ತಿ. ಅದನ್ನ ಇವು ತಿಂತಾವ, ಒಳಗಿನವು ಸಮಾ ಉಳಿತಾವ.”

ನಕ್ಷೆ ತಡವಾಯಿತೆಂದು ವಿಭಾಗದ ಮುಖ್ಯಸ್ಥರು ಕೂಗಾಡಿದರು. ಸರ್ ನನ್ನ ಹೆಸರನ್ನೇ ಎತ್ತದೆ, ತಪ್ಪು ತಮ್ಮದೇ ಎಂದರು. ಬಾಗಿಲಲ್ಲಿ ನಿಂತಿದ್ದ ನನಗೆ ಅಳು ಬಂತು. ಹೊರಗೆ ಬಂದವರು ಚಹಾ ಕುಡಿಯೋಣ ನಡಿ ಎಂದರು, ಅಷ್ಟೇ. ಕೆಲವು ತಿಂಗಳ ಮೇಲೆ ಚಿಪ್ ಬಂತು, ಅಳತೆ ಸರಿಯಾಗಿತ್ತು. ಇವತ್ತಿಗೂ ನಾನು ಉಣ್ಣುವ ಅನ್ನ ಅದೇ ಕೆಲಸದ್ದು.

ಹೋದ ವರ್ಷ ಸರ್ ತೀರಿಕೊಂಡರು. ಶಿವಗಣಾರಾಧನೆಯ ದಿನ ಅವರ ಮನೆಗೆ ಹೋದೆ. ಊಟದ ಸಾಲಿನ ನಡುವೆ ಜಾಗ ಮಾಡಿ ಕರೆದರು, ನಾನು ತುದಿಗೆ ಹೋಗಿ ಕುಳಿತೆ. ಬಡಿಸುತ್ತ ಬಂದ ಅವರ ಮಗಳು ಎಣಗಾಯಿ ಪಾತ್ರೆಯ ತಳ ನೋಡಿ ಪೇಚಾಡಿದರು.

“ಬರೇ ರಸ ಉಳದೈತ್ರಿ. ತಡೀರಿ, ಒಳಗಿಂದ ತರತೇನಿ.”

“ಬ್ಯಾಡ್ರಿ ಅಕ್ಕಾರ, ಅದನ್ನ ಹಾಕ್ರಿ,” ಎಂದೆ.

ಹಾಕಿದರು. ರೊಟ್ಟಿ ಮುರಿದು ಅದರಲ್ಲೇ ಅದ್ದಿಕೊಂಡು ತಿಂದೆ.