ಅತ್ತೆಯ ಪಟಕ್ಕೊಂದು ಕ್ಯಾಮೆರಾ

ಬೆಳಗ್ಗೆ ಹಾಗಲಕಾಯಿ ಗೊಜ್ಜಿಗೆ ಬೆಲ್ಲ ಎಷ್ಟು ಹಾಕಬೇಕೆಂದು ಫೋನಿನಲ್ಲಿ ಹುಡುಕುತ್ತಿದ್ದೆ. ಇಷ್ಟು ವರ್ಷ ಒಲೆಯ ಮುಂದೆ ನಿಂತವಳು ಬೆಲ್ಲದ ಅಳತೆಗೆ ಫೋನು ನೋಡುವುದೇ ಎಂದು ನಗಬೇಡಿ. ಮೊದಲು ಕೇಳುವುದಕ್ಕೆ ಮನೆಯಲ್ಲಿ ಒಬ್ಬರಿದ್ದರು. ಗೊಜ್ಜಿನ ಚಿತ್ರ ತೆರೆದುಕೊಳ್ಳುವ ಮೊದಲೇ ಎರಡು ಕ್ಯಾಮೆರಾಗಳು ಅಕ್ಕಪಕ್ಕ ಬಂದು ನಿಂತವು. ಒಂದು ದಪ್ಪ ಲೆನ್ಸಿನ ಮಿರರ್‌ಲೆಸ್, ಇನ್ನೊಂದು ಜೇಬಿಗೆ ಹಿಡಿಸುವ ಪುಟ್ಟ ಕಾಂಪ್ಯಾಕ್ಟ್. ಕೆಳಗಡೆ, ಇನ್ನೂ ಯೋಚಿಸುತ್ತಿದ್ದೀರಾ ಎಂಬ ಪ್ರಶ್ನೆ. ಫೋನಿಗೇನು ಗೊತ್ತು. ನಮ್ಮ ಮನೆಯಲ್ಲಿ ಆ ಯೋಚನೆ ಮುಗಿದು, ಯಾರಿಗಾಗಿ ಯೋಚಿಸಿದೆವೋ ಅವರೂ ಹೋಗಿ ತಿಂಗಳುಗಳಾದವು. ಅದು ಮಾತ್ರ ಅಂಗಡಿ ಬಾಗಿಲಲ್ಲಿ ನಿಂತ ಗುಮಾಸ್ತನ ಹಾಗೆ ಇನ್ನೂ ಕರೆಯುತ್ತಲೇ ಇದೆ.

ಮಂಡ್ಯದ ನಮ್ಮ ಮನೆಗೆ ನೀವು ಬಂದರೆ ನಡುಮನೆಯಲ್ಲಿ ಮೊದಲು ಕಾಣುವುದು ಮಾವನವರ ಪಟ. ನಾನು ಮದುವೆಯಾಗಿ ಬರುವ ಹೊತ್ತಿಗೇ ಅವರು ಆ ಕಟ್ಟಿನೊಳಗೆ ಸೇರಿಹೋಗಿದ್ದರು. ಬೆಸಗರಹಳ್ಳಿಯಲ್ಲಿ ಯಾರದೋ ಮದುವೆಯಲ್ಲಿ ತೆಗೆದ ಗುಂಪಿನ ಫೋಟೋದಿಂದ ಅವರೊಬ್ಬರನ್ನೇ ಕತ್ತರಿಸಿ, ಅಕ್ಕಪಕ್ಕದವರನ್ನು ಅಳಿಸಿ, ಹಿಂದೆ ನೀಲಿ ಬಳಿದು ಸ್ಟುಡಿಯೋದವನು ಕೊಟ್ಟಿದ್ದಾನೆ. ಆದರೆ ಎಡ ಹೆಗಲ ಮೇಲೆ ನಾಲ್ಕು ಬೆರಳು ಉಳಿದುಬಿಟ್ಟಿವೆ. ಒಂದು ಬೆರಳಿಗೆ ಉಂಗುರವೂ ಇದೆ. ಅದು ಯಾರ ಕೈ ಎಂದು ಈಗ ಹೇಳುವವರಿಲ್ಲ. ಅತ್ತೆ ಸೀರೆಯ ಸೆರಗಿನಿಂದ ಗಾಜು ಒರೆಸುವಾಗಲೆಲ್ಲ ಆ ಬೆರಳುಗಳ ಹತ್ತಿರ ಬಂದು ನಿಲ್ಲುತ್ತಿದ್ದರು. "ಅವತ್ತು ಇಟ್ಟೋನು ಇನ್ನೂ ಕೈ ತೆಗ್ದಿಲ್ಲ ನೋಡು" ಎನ್ನುತ್ತಿದ್ದರು.

ನಮ್ಮ ಕಡೆಯ ವಾಡಿಕೆ ನಿಮಗೂ ಗೊತ್ತಿರಬಹುದು. ಬದುಕಿರುವವರನ್ನು ಒಬ್ಬರನ್ನೇ ಕೂರಿಸಿ ಪಟ ತೆಗೆಸಿ ಕಟ್ಟು ಹಾಕಿಸುವುದಿಲ್ಲ. ಒಬ್ಬರೇ ಇರುವ ಪಟ ಎಂದರೆ ಹಾರ ಹಾಕುವ ಪಟ. ಹಾಗಾಗಿ ಯಾರಾದರೂ ಹೋದ ದಿನ ಒಳಗೆ ಅಳು ನಡೆಯುತ್ತಿರುವಾಗಲೇ ಹೊರಗೆ ಜಗಲಿಯ ಮೇಲೆ ಒಬ್ಬರು ಆಲ್ಬಂ ತೆರೆದು ಕೂರುತ್ತಾರೆ. ನಾಮಕರಣದ ಗುಂಪಿನಲ್ಲಿ, ಗೃಹಪ್ರವೇಶದ ಪಂಕ್ತಿಯಲ್ಲಿ ಸತ್ತವರ ಮುಖ ಹುಡುಕುತ್ತಾರೆ. ಸಿಕ್ಕ ಮುಖ ಒಂದೋ ಅನ್ನ ಅಗಿಯುತ್ತಿರುತ್ತದೆ, ಇಲ್ಲವೇ ಕಣ್ಣು ಮುಚ್ಚಿರುತ್ತದೆ.

ಅತ್ತೆ ನನ್ನನ್ನು ಕರೆಯುತ್ತಿದ್ದುದು ಕಾನ್ವೆಂಟಮ್ಮ ಎಂದು. ಸಿಸ್ಟರ್‌ಗಳು ಕಲಿಸಿದ ಹಾಗೆ ಮೆತ್ತಗೆ ಮಾತಾಡುತ್ತೇನೆ, ಸೌಟು ಎತ್ತಿಕೊಡಿ ಎನ್ನುವುದಕ್ಕೂ ಮೊದಲು ಪ್ಲೀಸ್ ಎನ್ನುತ್ತೇನೆ, ಅದಕ್ಕೆ. "ಕೂಗಿ ಕರ್ಯವ್ವ, ಕಾನ್ವೆಂಟಮ್ಮ. ನೀನು ಇಂಗೆ ಪಿಸುಗುಟ್ಟಿದ್ರೆ ಆಲಿನೋನು ಮುಂದ್ಲ ಬೀದಿಗೆ ಓಯ್ತನೆ" ಎಂದು ತಾವೇ ಗೇಟಿಗೆ ಬಂದು ಕೂಗು ಹಾಕುತ್ತಿದ್ದರು. ನನ್ನ ಇಂಗ್ಲಿಷು ಆ ಮನೆಯಲ್ಲಿ ಔಷಧಿ ಚೀಟಿ ಓದುವುದಕ್ಕೆ ಮಾತ್ರ ಉಪಯೋಗಕ್ಕೆ ಬರುತ್ತಿತ್ತು.

ಹೋದ ವರ್ಷ ಮಳೆಗಾಲದಲ್ಲಿ ಅತ್ತೆಗೆ ಮುದ್ದೆ ಗಂಟಲಲ್ಲಿ ಇಳಿಯದಾಯಿತು. ಮೊದಲು ಮುದ್ದೆ, ಆಮೇಲೆ ಅನ್ನ, ಆಮೇಲೆ ಗಂಜಿ. ಮೈಸೂರಿನ ಆಸ್ಪತ್ರೆಯಲ್ಲಿ ಡಾಕ್ಟರು ನನ್ನೊಬ್ಬಳನ್ನೇ ಒಳಗೆ ಕರೆದು, ಹೊರಗಿದ್ದ ಅತ್ತೆಯ ಕಿವಿಗೆ ಬಿದ್ದರೂ ಅರ್ಥವಾಗಬಾರದೆಂದು ಇಂಗ್ಲಿಷಿನಲ್ಲಿ, ತುಂಬ ಮರ್ಯಾದೆಯಿಂದ ಹೇಳಿದರು. ನಮ್ಮ ಯಜಮಾನರು ಹೊರಗೆ ಅತ್ತೆಯ ಪಕ್ಕ ಬೆಂಚಿನ ಮೇಲೆ ಕೂತಿದ್ದರು. ಬಾಗಿಲಿನಿಂದ ಬೆಂಚಿನವರೆಗೆ ನಡೆಯುವುದರೊಳಗೆ ಆ ಮಾತನ್ನು ನಾನು ಕನ್ನಡಕ್ಕೆ ತರಬೇಕಿತ್ತು. ಕಾನ್ವೆಂಟಿನಲ್ಲಿ ಕಲಿತದ್ದು ಅಷ್ಟು ಭಾರವಾದದ್ದು ಅದೊಂದೇ ಸಲ. ಅತ್ತೆ ನನ್ನ ಮುಖ ನೋಡಿ ಚೀಲ ಎತ್ತಿಕೊಂಡು ಎದ್ದರು.

ಅದಾದ ಕೆಲವೇ ದಿನಕ್ಕೆ ಹಿತ್ತಿಲ ಬಾಗಿಲಲ್ಲಿ ಸೊಪ್ಪು ಬಿಡಿಸುತ್ತ ಅಂದರು, "ನಂದೊಂದು ಪಟ ತೆಗ್ಸು ಕಣವ್ವ. ಒಬ್ಳೇ ಇರೋದು. ಆಮೇಲೆ ನನ್ನ ಯಾವ್ದೋ ಗುಂಪಿಂದ ಕತ್ತರ್ಸಿ ತೆಗೀಬ್ಯಾಡಿ."

"ಹಂಗೆಲ್ಲ ಮಾತಾಡಬೇಡಿ ಅತ್ತೆ."

"ಆಡ್ದೆ ಇದ್ರೆ ಆಯ್ತದಾ? ನಿಮ್ಮಾವ ನೋಡು, ಯಾರ್ದೋ ಕೈ ಒತ್ಕೊಂಡು ನಿಂತವ್ರೆ."

ಫೋನಿದೆಯಲ್ಲ ಎನ್ನುತ್ತೀರಿ. ನಾನೂ ಹಾಗೇ ಅಂದುಕೊಂಡು ಅಲ್ಲೇ ಒಂದು ತೆಗೆದೆ. ತೋರಿಸಿದರೆ ಅತ್ತೆ ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದರು. ನಮ್ಮ ಫೋನು ಯಾರ ಮುಖ ಕಂಡರೂ ತಾನೇ ಉಜ್ಜಿ ನಯ ಮಾಡುತ್ತದೆ. ಅತ್ತೆಯ ಸುಕ್ಕು ಹೋಗಿತ್ತು. ಸುಕ್ಕಿನ ಜೊತೆ ಗಲ್ಲದ ಮೇಲಿನ ಮೂರು ಚುಕ್ಕಿ ಹಸಿರು ಹಚ್ಚೆಯೂ ಹೋಗಿತ್ತು.

"ನಮ್ಮವ್ವ ಕೈಕಾಲು ಇಡ್ಕೊಂಡು ಉಯ್ಸಿದ್ದು ಈ ಅಚ್ಚೆ. ನಿನ್ ಪೋನು ಒಂದೇ ಏಟ್ಗೆ ಅಳಿಸ್ಬುಡ್ತಲ್ಲ" ಎಂದು ಫೋನು ನನ್ನ ಮಡಿಲಿಗೆ ಹಾಕಿದರು. "ಇದ್ಯಾರ್ದೋ ಮಕ."

ಸಂಜೆ ಇವರಿಗೆ ಹೇಳಿದೆ. ಇವರು ಮಳವಳ್ಳಿಯ ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಮೊದಲು ರೇಗಿದರು. ಅವ್ವನಿಗೆ ಬುದ್ಧಿ ಇಲ್ಲ, ನಿನಗೂ ಇಲ್ಲವಾ ಎಂದರು. ಮಾರನೆಯ ದಿನ ತಾವೇ ಬಂದು, "ತೆಗೆಯೋದಾದ್ರೆ ಸರಿಯಾದ ಕ್ಯಾಮೆರಾದಲ್ಲೇ ತೆಗೀಬೇಕು" ಎಂದರು. ಅಲ್ಲಿಂದ ಶುರುವಾಯಿತು ನಮ್ಮ ಮನೆಯ ಕ್ಯಾಮೆರಾ ಪುರಾಣ.

ಊಟದ ಹೊತ್ತಿಗೆಲ್ಲ ನನ್ನ ಫೋನಿನಲ್ಲಿ ಎರಡು ಕ್ಯಾಮೆರಾ ಅಕ್ಕಪಕ್ಕ ತೆರೆದಿಟ್ಟುಕೊಂಡು ಅದೇ ಮಾತು. ಮಿರರ್‌ಲೆಸ್ಸಿಗೆ ಒಳಗೆ ಬೆಳಕು ಹಿಡಿಯುವ ಪಟ್ಟಿ ದೊಡ್ಡದು, ನಮ್ಮ ನಡುಮನೆಯ ಮಬ್ಬಿನಲ್ಲೂ ಮುಖ ಮರಳುಮರಳಾಗದೆ ಬರುತ್ತದೆ, ಬೇಕಾದಂತೆ ಲೆನ್ಸು ಬದಲಾಯಿಸಬಹುದು. ಆದರೆ ಭಾರ. ಕಾಂಪ್ಯಾಕ್ಟು ಹಗುರ, ಅಂಗಿಯ ಜೇಬಿನಲ್ಲಿ ಕೂರುತ್ತದೆ. ಆದರೆ ಮಬ್ಬಿನಲ್ಲಿ ಸೋಲುತ್ತದೆ. ನಾನು ಕಾಂಪ್ಯಾಕ್ಟಿನ ಪಕ್ಷ ಹಿಡಿದೆ. ಮಸಾಲೆ ಡಬ್ಬಿಗಳ ಪಕ್ಕ ಇಟ್ಟುಕೊಂಡು, ಅತ್ತೆ ಯಾವಾಗಲಾದರೂ ಮೈಮರೆತು ನಗುವಾಗ ಸದ್ದಿಲ್ಲದೆ ತೆಗೆದುಬಿಡಬಹುದು ಎಂದು ನನ್ನ ಲೆಕ್ಕ. ಹಾಗೆ ತೆಗೆದರೆ ಯಾಕೆ ತೆಗೆಯುತ್ತಿದ್ದೇವೆ ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗುವುದಿಲ್ಲವಲ್ಲ. ಇವರು ಅರೆಮನಸ್ಸಿನಲ್ಲಿ, "ಶಿವನಸಮುದ್ರಕ್ಕೆ ನೀರು ಚೆನ್ನಾಗಿ ಬಂದಾಗ ಅವ್ವನ್ನ ಕರ್ಕೊಂಡು ಹೋಗೋಣ. ಆಗ ದೊಡ್ಡದೇ ಬೇಕಾಗುತ್ತೆ" ಎನ್ನುತ್ತಿದ್ದರು. ಅತ್ತೆ ಗಂಜಿಯ ಲೋಟ ಹಿಡಿದುಕೊಂಡು ಇಬ್ಬರನ್ನೂ ನೋಡುತ್ತಿದ್ದರು. ಕೈಬಳೆ ಮೊಣಕೈಯವರೆಗೆ ಜಾರುವಷ್ಟು ಸೊರಗಿದ್ದರು.

ಕ್ಯಾಮೆರಾ ಮಾತ್ರ ಬರಲಿಲ್ಲ. ಮದ್ದೂರಿನಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ಇವರ ಪರಿಚಯದ ರಹಮತ್ ಭಾಯಿಯ ಸ್ಟುಡಿಯೋ ಇದೆ. ಅಲ್ಲಿ ಹೇಳಿಟ್ಟಿದ್ದೇನೆ, ಇನ್ನೂ ಸ್ಟಾಕ್ ಬಂದಿಲ್ಲ ಎಂದು ಇವರು ದಿನವೂ ಹೇಳುತ್ತಿದ್ದರು. ನಾನು ಒಂದು ಗೃಹಪ್ರವೇಶಕ್ಕೆ ಮದ್ದೂರಿಗೆ ಹೋದವಳು ಬರುವಾಗ ಅಂಗಡಿಗೆ ಹೋಗಿ ಕೇಳಿದೆ.

"ಸ್ಟಾಕ್ ಬಂದಿಲ್ಲ ಅಂತ ಯಾರಂದ್ರಮ್ಮ?" ಎಂದರು ರಹಮತ್ ಭಾಯಿ. ಎರಡೂ ಕ್ಯಾಮೆರಾ ಗಾಜಿನ ಪೆಟ್ಟಿಗೆಯೊಳಗೆ ಕೂತಿದ್ದವು. "ಮೇಷ್ಟ್ರು ಸಾಯಂಕಾಲ ಬಸ್ ಬದಲಾಯಿಸುವಾಗೆಲ್ಲ ಬತ್ತಾರೆ. ಇದನ್ನ ಎತ್ತಿ ನೋಡ್ತಾರೆ, ಅದನ್ನ ಎತ್ತಿ ನೋಡ್ತಾರೆ. ನಾಳೆ ಹೇಳ್ತೀನಿ ರಹಮತ್ ಅಂತಾರೆ. ವ್ಯಾಪಾರ ಆಗದಿದ್ರೂ ಬುಡಿ, ನನಗೆ ಟೀ ಕುಡಿಯೋಕೆ ಜೊತೆ ಆಯ್ತು."

ಇವರು ಮನೆಗೆ ಬಂದು ಮೆಟ್ಟಿಲ ಮೇಲೆ ಕೂತು ಶೂ ಬಿಚ್ಚುತ್ತಿರುವಾಗ, ಮದ್ದೂರಿಗೆ ಹೋಗಿದ್ದೆ ಎಂದೆ. ಅಷ್ಟೇ ಅಂದದ್ದು. ಇವರು ಬಿಚ್ಚಿದ ಲೇಸನ್ನೇ ಮತ್ತೆ ಮತ್ತೆ ಎಳೆಯುತ್ತ ಕೂತರು.

"ತಂದ್ರೆ ತೆಗೀಬೇಕಲ್ಲ ಕಣೇ."

"ತೆಗೆಯೋಕೆ ತಾನೆ ತರೋದು?"

"ತೆಗೆದ್ಮೇಲೆ ಅವ್ವಂಗೆ ಇನ್ನೇನು ಬಾಕಿ ಇರುತ್ತೆ?"

ವಾರಗಟ್ಟಲೆ ಆ ತೂಕ ಈ ತೂಕ ಎಂದು ಅಳೆಯುತ್ತಿದ್ದುದು ಕ್ಯಾಮೆರಾವನ್ನು ಎಂದು ನಾನು ನಂಬಿದ್ದೆ. ಎರಡರಲ್ಲಿ ಒಂದನ್ನು ಆರಿಸದೇ ಇರುವಷ್ಟು ದಿನ ಪಟ ತೆಗೆಯಬೇಕಿಲ್ಲ, ಪಟ ತೆಗೆಯದಿರುವಷ್ಟು ದಿನ ತಾಯಿ ಇರುತ್ತಾಳೆ. ವಿಜ್ಞಾನ ಪಾಠ ಮಾಡುವವರ ಲೆಕ್ಕ ಅದು.

ಒಳಗಿನಿಂದ ಅತ್ತೆಯ ದನಿ ಬಂತು. ಗಂಟಲು ಹೋಗಿದ್ದರೂ ಕಿವಿ ಚೆನ್ನಾಗಿತ್ತು. "ಅವ್ನು ತರಾಕಿಲ್ಲ ಬುಡು. ತಂದ್ರೆ ನಾನು ಒಂಟೋಯ್ತೀನಿ ಅಂತ ಅವ್ನ್ಗೆ. ಲೋ, ಆ ಸಾಬ್ರನ್ನೇ ಕರ್ಯೋ. ಎಲ್ಡೂ ತಗಂಬರ್ಲಿ. ನಾನೇ ನೋಡ್ತೀನಿ."

ಭಾನುವಾರ ರಹಮತ್ ಭಾಯಿ ಎರಡನ್ನೂ ತಂದರು. ಅತ್ತೆ ಗೋಡೆಗೆ ಒರಗಿ ಕೂತು ಪುಟ್ಟದನ್ನು ಅಂಗೈಯಲ್ಲಿ ಇಟ್ಟುಕೊಂಡರು.

"ಇದೇನ್ ಸಾಬ್ರೇ, ನಸ್ಯದ ಡಬ್ಬಿ ಇದ್ದಂಗೈತೆ."

"ಜೇಬಲ್ಲಿ ಇಟ್ಕೊಂಡಿದ್ದು ನಿಮಗೇ ಗೊತ್ತಾಗದಂಗೆ ತೆಗೀಬೋದು ಅಜ್ಜಿ."

"ನಂಗೆ ಗೊತ್ತಾಗ್ದಂಗೆ ಯಾಕ್ ತೆಗೀಬೇಕು? ನಾನೇನ್ ಕಳ್ಳೀನಾ?"

ಆಮೇಲೆ ದೊಡ್ಡದನ್ನು ಎರಡು ಕೈಯಲ್ಲಿ ಎತ್ತಿಕೊಂಡರು. ಇವರು ಕೆಳಗಿನಿಂದ ಆನಿಸಿ ಹಿಡಿದರು. "ಇದೇ ಇರ್ಲಿ. ಇದನ್ನ ಎತ್ಕೊಂಡು ಬಂದ್ರೆ ಎದುರ್ಗೆ ಕೂತೋಳ್ಗೆ ತಿಳೀತದೆ. ಸೆರಗು ಸರಿ ಮಾಡ್ಕೋಬೋದು."

ನನ್ನ ಕಾಂಪ್ಯಾಕ್ಟು ಹೀಗೆ ಸೋತಿತು. ಅತ್ತೆಗೆ ಬೇಕಾಗಿದ್ದುದು ತಮ್ಮನ್ನು ಯಾರಾದರೂ ಕೇಳುವುದು. ನಾನು ಅವರೊಬ್ಬರನ್ನು ಬಿಟ್ಟು ಎಲ್ಲರನ್ನೂ ಕೇಳಿದ್ದೆ.

ಪಟ ತೆಗೆದದ್ದು ಮಾರನೆಯ ಬೆಳಗ್ಗೆ, ಹಿತ್ತಿಲ ಒಗೆಯುವ ಕಲ್ಲಿನ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿ. ಅತ್ತೆಗೆ ತಲೆ ಬಾಚಿದೆ, ಕಂದು ಅಂಚಿನ ಅವರದೇ ಸೀರೆ ಉಡಿಸಿದೆ. ರವಿಕೆ ತುಂಬ ದೊಗಳೆಯಾಗಿತ್ತು. ಬೆನ್ನ ಹಿಂದೆ ಮಡಿಚಿ ಎರಡು ಪಿನ್ನು ಹಾಕಿದೆ. ಮುಂದಿನಿಂದ ನೋಡಿದರೆ ತಿಳಿಯುವುದಿಲ್ಲ. ಪಿನ್ನು ಹಾಕುವಾಗ ಬೆನ್ನ ಮೂಳೆ ಒಂದೊಂದೂ ಬೆರಳಿಗೆ ತಾಗಿತು.

ಇವರು ಕ್ಯಾಮೆರಾ ಎತ್ತಿ ಕಣ್ಣಿಗೆ ಹಿಡಿದರು.

"ಮಕ ಮುಚ್ಕೋಬ್ಯಾಡ ಕಣ್ಲಾ. ನೀನು ಕಾಣಾಕಿಲ್ಲ."

ಇವರು ಕ್ಯಾಮೆರಾ ಕೆಳಗಿಳಿಸಿದರು. ಹಿಂದಿನ ಪರದೆಯನ್ನು ಬಾಗಿಲ ಹಾಗೆ ಮೇಲಕ್ಕೆ ತಿರುಗಿಸಿ, ಎದೆಯ ಮಟ್ಟಕ್ಕೆ ಹಿಡಿದುಕೊಂಡು, "ಇಲ್ಲಿ ನೋಡವ್ವ, ಲೆನ್ಸ್ ನೋಡು" ಎಂದರು.

"ಅದ್ರಾಗೇನದೆ ನೋಡಾಕೆ?"

ಅತ್ತೆ ಲೆನ್ಸು ನೋಡಲಿಲ್ಲ. ಮಗನನ್ನೇ ನೋಡುತ್ತ ಕೂತರು. ನಗಲಿಲ್ಲ, ಬಿಗಿದುಕೊಳ್ಳಲೂ ಇಲ್ಲ. ಬಸ್ಸು ಹತ್ತಿಸಿ ನಿಂತವರು ಕಿಟಕಿಯೊಳಗಿನವರನ್ನು ನೋಡುತ್ತಾರಲ್ಲ, ಹಾಗೆ. ಇವರು ಬಹಳ ಸಲ ಒತ್ತಿದರು. ಒಂದನ್ನು ಬಿಟ್ಟು ಎಲ್ಲ ಮಸುಕಾದವು. ಆ ಒಂದನ್ನು ಪರದೆಯಲ್ಲಿ ದೊಡ್ಡದು ಮಾಡಿ ತೋರಿಸಿದಾಗ ಅತ್ತೆ ಗಲ್ಲ ಮುಟ್ಟಿಕೊಂಡು, "ಅಚ್ಚೆ ಐತೆ" ಎಂದರು. ಒಳಗೆ ಹೋಗಿ ಮಲಗಿದರು.

ಶಿವನಸಮುದ್ರಕ್ಕೆ ನೀರು ಬಂದದ್ದನ್ನು ಟಿವಿಯಲ್ಲಿ ನೋಡಿದೆವು. ಅವರೆಕಾಯಿ ಸೊಗಡು ಮಾರುಕಟ್ಟೆಯಲ್ಲಿ ಏಳುವ ಹೊತ್ತಿಗೆ ಅತ್ತೆ ಇರಲಿಲ್ಲ. ಪಟ ತೆಗೆದದ್ದಕ್ಕೇ ಹೀಗಾಯಿತು ಎಂದು ಇವರು ಒಂದು ದಿನವೂ ಅನ್ನಲಿಲ್ಲ. ಆದರೆ ಕ್ಯಾಮೆರಾವನ್ನು ಬೀರುವಿನ ತಳಕ್ಕೆ, ಹಳೆಯ ಕಂಬಳಿಯ ಕೆಳಗೆ ಇಟ್ಟದ್ದನ್ನು ನೋಡಿದೆ.

ಅತ್ತೆ ಹೋದ ದಿನ ನಮ್ಮ ಜಗಲಿಯ ಮೇಲೆ ಯಾರೂ ಆಲ್ಬಂ ತೆರೆಯಲಿಲ್ಲ. ತಿಥಿಯ ದಿನ ಕುರ್ಚಿಯ ಮೇಲೆ ಪಟ ಇಟ್ಟು ಹಾರ ಹಾಕಿದಾಗ ಬೆಸಗರಹಳ್ಳಿಯಿಂದ ಬಂದ ಒಬ್ಬ ಮುದುಕಿ ಮುಂದೆ ನಿಂತು, ಹಿಂದೆ ತಿರುಗಿ, ಮತ್ತೆ ಪಟ ನೋಡಿ, "ಯಾರ್ನ ನೋಡ್ತಾವ್ಳೆ ಇವ್ಳು?" ಎಂದಳು. ಅತ್ತೆಯ ಕಣ್ಣು ನಮ್ಮ ಮೇಲೆ ನಿಲ್ಲುವುದಿಲ್ಲ. ನೋಡುವವರ ತಲೆಯ ಸ್ವಲ್ಪ ಮೇಲೆ ನಿಲ್ಲುತ್ತದೆ, ಲೆನ್ಸಿನ ಮೇಲಿದ್ದ ಮುಖದ ಜಾಗದಲ್ಲಿ.

ಅದಾದ ಮೇಲೆ ಪಟ ಗೋಡೆಗೆ ಏರಲೇ ಇಲ್ಲ. ಇವತ್ತು ತಿಂಡಿ ಮುಗಿಸಿ ಇವರು ತಾವಾಗಿಯೇ ಅದನ್ನು ಅಟ್ಟದಿಂದ ಇಳಿಸಿ, ಸುತ್ತಿದ್ದ ಪೇಪರು ಬಿಚ್ಚಿ, "ಸ್ವಲ್ಪ ಹಿಡ್ಕೋ, ಎಲ್ಲಿ ಹಾಕೋದು ನೋಡೋಣ" ಎಂದರು. ಬಾಗಿಲ ಮೇಲೆ ಎತ್ತಿ ಹಿಡಿದೆ. ಅತ್ತೆ ತೊಲೆಯನ್ನು ನೋಡಿದರು. "ಕೆಳಗೆ" ಎಂದರು ಇವರು. ಇಳಿಸಿದೆ. ಇವರು ಎರಡು ಹೆಜ್ಜೆ ಹಿಂದೆ ಹೋದರು, ಪಕ್ಕಕ್ಕೆ ಸರಿದರು, ಮಂಡಿ ಬಗ್ಗಿಸಿದರು. "ಇನ್ನೊಂಚೂರು ಕೆಳಗೆ."

ಪಟದ ಕಣ್ಣು ನಾವು ಎಲ್ಲಿ ನಿಂತು ನೋಡಿದರೂ ಅಷ್ಟೇ ಮೇಲಕ್ಕೆ ನೋಡುತ್ತದೆ, ಪಟವನ್ನು ಇಳಿಸಿದರೂ ಏರಿಸಿದರೂ ಒಂದೇ. ತಿಥಿ ಕಳೆದ ಹೊಸದರಲ್ಲಿ ಹಾಗೇಕೆ ಎಂದು ನನಗೆ ಬಿಡಿಸಿ ಹೇಳಿದವರು ಇವರೇ. ಹಿಂದಿನ ನಾನಾಗಿದ್ದರೆ ಅದನ್ನು ನೆನಪಿಸುತ್ತಿದ್ದೆ. ಬೇಗ ಒಂದು ಕಡೆ ಗುರುತು ಮಾಡಿ, ಬೇಕಾದಷ್ಟು ಕೆಲಸ ಬಿದ್ದಿದೆ ಎನ್ನುತ್ತಿದ್ದೆ. ಇವತ್ತು ಅನ್ನಲಿಲ್ಲ. ತೋಳು ಸೋತಾಗ ಪಟ ಹಿಡಿದುಕೊಂಡೇ ಗೋಡೆಗೆ ಒರಗಿ ನೆಲದ ಮೇಲೆ ಕೂತೆ. ಇವರು ಸುತ್ತಿಗೆ ಪಕ್ಕಕ್ಕಿಟ್ಟು ಎದುರಿಗೆ ಬಂದು ಕೂತರು, ಅತ್ತೆಯ ನೋಟಕ್ಕೆ ತಮ್ಮ ಮುಖ ಸಿಗಲೆಂದು ಕತ್ತು ಸ್ವಲ್ಪ ಉದ್ದ ಮಾಡಿದರು.

"ಇಲ್ಲಿ ಸಾಕಾ?" ಎಂದೆ.

"ಇರು" ಎಂದರು.

ಇದ್ದೆ.