ಕಾಲುವೆ ದಂಡೆಯ ಬೇವು

ನಾನು ಸಿಂಧನೂರಿನಲ್ಲಿ ಡ್ರಾಯಿಂಗ್ ಮಾಸ್ತರ. ಮಕ್ಕಳ ಕೈಯಲ್ಲಿ ಎರಡು ಗುಡ್ಡ, ನಡುವೆ ಸೂರ್ಯ ಬರೆಸಿ ಬರೆಸಿ ಬೇಸತ್ತು, ಒಮ್ಮೆಯಾದರೂ ನಮ್ಮ ಸೀಮೆಯದೇ ಒಂದು ದೊಡ್ಡ ಚಿತ್ರ ಮಾಡಬೇಕೆಂದು ಹಟ ಹಿಡಿದಿದ್ದೆ. ಅದಕ್ಕೆ ತಕ್ಕ ಮರ ಹುಡುಕುತ್ತ ರಜೆಯಲ್ಲಿ ಮಸ್ಕಿ, ಲಿಂಗಸುಗೂರು ಎಂದು ಬೈಕ್ ಓಡಿಸಿದೆ. ಕೊನೆಗೆ ಸಿಕ್ಕಿದ್ದು ಬಳಗಾನೂರಿನ ಕಡೆ, ಕಾಲುವೆ ದಂಡೆಯ ಮೇಲಿನ ಒಂದು ಬೇವು. ಕಾಂಡ ಸೊಟ್ಟ. ಗದ್ದೆಯ ಕಡೆಗೆ ಚಾಚಿದ ಕೊಂಬೆಯಲ್ಲಿ ಹಳೆ ಸೀರೆಯ ಜೋಲಿ, ಜೋಲಿಯಲ್ಲಿ ಕೂಸು. ಕೆಳಗೆ ಹೆಣ್ಣುಮಕ್ಕಳು ಬಾಗಿ ನೆಲ್ಲು ಹಚ್ಚುತ್ತಿದ್ದರು. ನನಗೆ ಹಿಗ್ಗೋ ಹಿಗ್ಗು.

ಪೆನ್ಸಿಲನ್ನು ತೋಳುದ್ದ ಹಿಡಿದು, ಒಂದು ಕಣ್ಣು ಮುಚ್ಚಿ, ಮರದ ಎತ್ತರ ಅಳೆದು ಹಾಳೆಗೆ ಇಳಿಸತೊಡಗಿದೆ. ಮರ ರೂಪಕ್ಕೆ ಬರುವಷ್ಟರಲ್ಲಿ ಗದ್ದೆಯಿಂದ ಒಬ್ಬಳು ಕೆಸರುಗಾಲಲ್ಲೇ ಏರಿ ಬಂದಳು. ಕೂಸಿನ ತಾಯಿ.

"ಇದಕ್ಕೂ ನಂಬರ್ ಹಾಕಾಕ ಬಂದೀರೇನ್ರಿ?"

"ಇಲ್ಲವ್ವಾ, ಚಿತ್ರ ಬರಿಯಾಕತ್ತೀನಿ."

"ರೋಡಿನ ಗಿಡಗಳನ್ನೂ ಹಿಂಗ ಅಳದು ಬರಕೊಂಡು ಹೋದ್ರು. ರೋಡ್ ಅಗಲ ಆತು, ಗಿಡ ಒಂದೂ ಉಳೀಲಿಲ್ಲ. ಈ ಕಡೆ ಇದೊಂದ ನೆಳ್ಳು. ಇದೂ ಹೋದ್ರ ನನ್ನ ಕೂಸಿನ್ನ ಎಲ್ಲಿ ಮಲಗಿಸ್ಲಿ, ನೀವ ಹೇಳ್ರಿ?"

ನಕ್ಕು ಹಾಳೆ ತೋರಿಸಿದೆ. ಮರವನ್ನು ಅಲ್ಲಿ ಕಂಡಿದ್ದೇ ತಡ, ಅವಳ ಮುಖ ಬಿಳಿಚಿಕೊಂಡಿತು. ನಾನು ಸಾಲಿ ಮಾಸ್ತರ, ರೋಡಿನವನಲ್ಲ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ.

"ನೀವು ಛಲೋ ಮಂದಿ ಇರಬೌದ್ರಿ. ಈ ಕಾಗದ ಯಾರ ಕೈಗೆ ಹೋಗತೈತೋ ಯಾರಿಗೆ ಗೊತ್ತು? ಉಳಿದದ್ದೆಲ್ಲಾ ಬರಕೋರಿ. ಗಿಡ ಒಂದ ಬಿಡ್ರಿ."

ನನಗೆ ಸಿಟ್ಟು ಬಂತು. ಮರಕ್ಕಾಗಿಯೇ ಊರೂರು ತಿರುಗಿದವನು ಮರ ಬಿಟ್ಟು ಏನು ಬರೆಯಲಿ? ಅಷ್ಟರಲ್ಲಿ ಕೂಸು ಎದ್ದು ಅತ್ತಿತು. ಅವಳು ಜೋಲಿ ತೂಗುತ್ತಿದ್ದಳು, ಕಣ್ಣು ಮಾತ್ರ ನನ್ನ ಪೆನ್ಸಿಲಿನ ಮೇಲೇ ಇತ್ತು. ಆ ಭಯದ ಮುಂದೆ ನನ್ನ ಸಿಟ್ಟು ನಿಲ್ಲಲಿಲ್ಲ. ರಬ್ಬರ್ ತೆಗೆದು ಅವಳೆದುರಿಗೇ ಮರವನ್ನು ಅಳಿಸಿದೆ. ರಬ್ಬರಿನ ಪುಡಿಯನ್ನು ಊದಿ ಹಾರಿಸಿದೆ. ಅವಳು ದೊಡ್ಡ ಉಸಿರು ಬಿಟ್ಟು, ರೊಟ್ಟಿಯ ಗಂಟು ಬಿಚ್ಚಿ, "ಉಣ್ಣಾಕ ಬರ್ರಿ" ಎಂದಳು.

ಚಿತ್ರ ಮುಗಿದು ಈಗ ನಮ್ಮ ಮನೆಯ ಗೋಡೆಯ ಮೇಲಿದೆ. ಕಾಲುವೆ, ಗದ್ದೆ, ಬಾಗಿದ ಹೆಣ್ಣುಮಕ್ಕಳು, ಮೇಲೆ ಬಿಸಿಲೇ ಬಿಸಿಲು. ಮೊನ್ನೆ ಬಂದ ಗೆಳೆಯನೊಬ್ಬ ಬಹಳ ಹೊತ್ತು ನೋಡಿ, "ಛಲೋ ಬಂದೈತಿ ಮಾಸ್ತರ. ಆದ್ರ ನೆಳ್ಳಿಗೆ ಒಂದು ಗಿಡ ಇರಬೇಕಿತ್ತು" ಎಂದ.

"ಐತಿ," ಎಂದೆ. "ಮುಂಜಾನೆ ಹೋಗಿ ನೋಡ್ಕೊಂಡು ಬಂದೀನಿ. ಅಲ್ಲೇ ಐತಿ."